ಬಾವಿ ನೀರು, ನೈಟ್ರೇಟ್ ಮತ್ತು ನಮ್ಮ ಥೈರಾಯ್ಡ್

ಮಂಗಳೂರಿನ ನಳ್ಳಿಗಳಿಗೆ ನೀರು ಮುಖ್ಯವಾಗಿ ಬರುವುದು ನೇತ್ರಾವತಿಯ ತುಂಬೆ ಡ್ಯಾಮಿನಿಂದ. ಆದರೂ ಎಷ್ಟೋ ಮನೆ, ಪಿಜಿಗಳಲ್ಲಿ ನಾವು ಕುಡಿಯುವುದು ಬಾವಿ ನೀರನ್ನೇ. ನೋಡಲು ತಿಳಿಯಾಗಿದ್ದರೆ "ಒಳ್ಳೇ ನೀರು" ಅಂದುಬಿಡ್ತೇವೆ. ಆದರೆ ನೈಟ್ರೇಟಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಇದ್ದರೂ ಗೊತ್ತಾಗಲ್ಲ.

ಇದಕ್ಕೂ ಥೈರಾಯ್ಡಿಗೂ ಏನು ಸಂಬಂಧ? ಕತ್ತಿನಲ್ಲಿರುವ ಈ ಗ್ರಂಥಿ ಹಾರ್ಮೋನ್ ತಯಾರಿಸಲು ಅಯೋಡಿನ್ ಬೇಕು. ಅದನ್ನು ರಕ್ತದಿಂದ ಗ್ರಂಥಿಯ ಕೋಶದೊಳಗೆ ಸೆಳೆಯುವುದು ಒಂದು ಪ್ರೋಟೀನ್. ನೈಟ್ರೇಟ್ ಕೂಡ ಅದೇ ಬಾಗಿಲಲ್ಲಿ ಬಂದು ನಿಲ್ಲುತ್ತದೆ. ಪೈಪೋಟಿಯಲ್ಲಿ ಅದು ದುರ್ಬಲ, ಆದರೆ ಪ್ರಮಾಣದಲ್ಲಿ ಜಾಸ್ತಿ. ಕುಡಿಯುವ ನೀರಿಗೆ ಐಎಸ್ 10500 ಹೇಳುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ, ತೂಕದಲ್ಲಿ 300 ಪಟ್ಟು!

ಹಾರ್ಮೋನ್ ಕಡಿಮೆಯಾದರೆ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಹೆಚ್ಚಿಸಿ ಥೈರಾಯ್ಡನ್ನು ಇನ್ನಷ್ಟು ದುಡಿಸುತ್ತದೆ. ನಾವು ಓದುವ ಫೀಡ್‌ಬ್ಯಾಕ್ ಕಂಟ್ರೋಲ್ ಇದೇ. ಬಹುಕಾಲ ಹೀಗಾದರೆ ಗ್ರಂಥಿ ಊದಿ ಗಳಗಂಡ ಆಗಬಹುದು. ಅಯೋಡಿನ್ ಸಾಕಷ್ಟು ಸಿಗುವವರಿಗೆ ಅಪಾಯ ಕಡಿಮೆ. ಕೊರತೆ ಇರುವವರು ಮತ್ತು ಗರ್ಭಿಣಿಯರು ಹೆಚ್ಚು ಎಚ್ಚರ ವಹಿಸಬೇಕು. ಈ ಬಗೆಗಿನ ಅಧ್ಯಯನಗಳ ಫಲಿತಾಂಶ ಒಂದೇ ರೀತಿ ಇಲ್ಲ. ಹಾಗಾಗಿ ಎಲ್ಲ ಥೈರಾಯ್ಡ್ ತೊಂದರೆಯನ್ನೂ ನೀರಿನ ತಲೆಗೆ ಕಟ್ಟುವ ಹಾಗಿಲ್ಲ.

ಆದರೆ ನಮ್ಮೂರಿನ ನೆಲವನ್ನೂ ನೋಡಬೇಕಲ್ವಾ? ಮುರಕಲ್ಲಿನಲ್ಲಿ ಎಲ್ಲೆಲ್ಲೂ ತೂತು. ಶೌಚದ ಗುಂಡಿ, ಒಡೆದ ಒಳಚರಂಡಿ, ಕಸದ ರಾಶಿಯ ಕೊಳೆನೀರು ಮಳೆಗಾಲದಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಅದರ ಅಮೋನಿಯವನ್ನು ಮಣ್ಣಿನ ಬ್ಯಾಕ್ಟೀರಿಯ ನೈಟ್ರೇಟ್ ಮಾಡುತ್ತವೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿತು. ಅಲ್ಲಿನ ಬಾವಿಗಳೂ ಕೆಟ್ಟವು.

ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಆರ್‌ಒ ಫಿಲ್ಟರ್ ಬಹುಪಾಲು ತೆಗೆಯುತ್ತದೆ. ಮೊದಲು ಬೇಕಾದ್ದು ಪರೀಕ್ಷೆ. ಫಸ್ಟ್ ಇಯರಿನಲ್ಲಿ ಇಡಿಟಿಎ ಹಾಕಿ ನಾವು ಅಳೆಯುವುದು ನೀರಿನ ಗಡಸುತನ ಮಾತ್ರ. ನೈಟ್ರೇಟ್ ಅಳೆಯಲು ಸ್ಪೆಕ್ಟ್ರೋಫೋಟೋಮೀಟರ್ ಬೇಕು. ಸಿವಿಲ್ ವಿಭಾಗದ ಲ್ಯಾಬಿನಲ್ಲಿ ಅದಿದ್ದರೆ ನಮ್ಮ ಪಿಜಿ ಬಾವಿಯ ನೀರನ್ನೇ ಪ್ರಾಜೆಕ್ಟ್ ಮಾಡಬಹುದು.

ಜೊತೆಗೆ ಉಪ್ಪಿನ ಪ್ಯಾಕೆಟ್ ಓದಿ. ಗಂಜಿಗೆ ಹಾಕುವ ಕಲ್ಲುಪ್ಪಿನಲ್ಲಿ ಅಯೋಡಿನ್ ಸೇರಿಸಿರದೆಯೂ ಇರಬಹುದು. ಸದಾ ಸುಸ್ತು, ಕಾರಣವಿಲ್ಲದೆ ತೂಕ ಏರಿಕೆ, ಕತ್ತಿನಲ್ಲಿ ಊತ ಕಂಡರೆ ಡಾಕ್ಟರನ್ನು ಕಂಡು ಟಿಎಸ್‌ಎಚ್ ಪರೀಕ್ಷೆ ಮಾಡಿಸಿ.