ಹಲ್ಲುಹಳಿಯ ಪಾಲುದಾರರು: ನೀಲಗಿರಿ ರೈಲಿನ ಪೂರ್ವವೃತ್ತಾಂತ

ಬೆಂಗಳೂರು–ಸೇಲಂ ಮಾರ್ಗದ ರೈಲುಗಳು ಕೆಲಮಂಗಲವನ್ನು ಹಾದುಹೋಗುತ್ತವೆ. ಈ ದಾರಿಯಲ್ಲಿ ನುಣುಪಾದ ಚಕ್ರವು ನುಣುಪಾದ ಹಳಿಯನ್ನು ತನ್ನ ಭಾರದಿಂದಲೇ ಹಿಡಿದುಕೊಂಡು ಮುಂದೆ ಸಾಗುತ್ತದೆ. ಇದೇ ತಮಿಳುನಾಡಿನಲ್ಲಿ, ಕನ್ನಡಕ್ಕೆ ನಿಕಟವಾದ ಬಡಗ ನುಡಿಯನ್ನಾಡುವ ನೀಲಗಿರಿಯಲ್ಲಿ, ಆ ಹಿಡಿತ ಸಾಲದು. ಮುಂಬಯಿ–ಪುಣೆ ನಡುವಣ ಭೋರ್ ಘಾಟಿನ ಕಡಿದಾದ ಏರು 37ಕ್ಕೆ 1 ಆಗಿದ್ದರೆ, ಕಲ್ಲಾರ್–ಕೂನೂರು ನಡುವಣ ಏರು 12ಕ್ಕೆ 1ರವರೆಗೂ ಇದೆ. ಅಲ್ಲಿ ಎರಡು ಹಳಿಗಳ ನಡುವೆ ಹಲ್ಲುಳ್ಳ ಮತ್ತೊಂದು ಹಳಿಯನ್ನು ಹಾಸಿ, ಎಂಜಿನ್ನಿನ ಹಲ್ಲುಗಾಲಿಯನ್ನು ಅದಕ್ಕೆ ಕಚ್ಚಿಸಿ ರೈಲನ್ನು ಮೇಲೇರಿಸುತ್ತಾರೆ. ಈ ಉಪಾಯ ನೀಲಗಿರಿಯನ್ನು ತಲುಪಿದ ಬಗೆಯು ಯಂತ್ರಶಾಸ್ತ್ರದ ಕಥೆಯಾಗಿರುವಷ್ಟೇ ಪಾಲುದಾರಿಕೆಯ ಕಥೆಯೂ ಆಗಿದೆ.

ರಿಗಿ ಬೆಟ್ಟದ ಪಾಠ

ಸ್ವಿಟ್ಜರ್ಲೆಂಡಿನ ಓಲ್ಟೆನ್ ನಗರದ ರೈಲ್ವೆ ಕಾರ್ಯಾಗಾರದ ಮುಖ್ಯಸ್ಥನಾಗಿದ್ದ ನಿಕ್ಲಾಸ್ ರಿಗ್ಗೆನ್‌ಬಾಖ್ 1863ರಲ್ಲಿ ಹಲ್ಲುಹಳಿಗೆ ಪೇಟೆಂಟ್ ಪಡೆದನು. ಆಗ ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಕಾನೂನೇ ಇಲ್ಲದ್ದರಿಂದ ಆ ಹಕ್ಕನ್ನು ಫ್ರಾನ್ಸಿನಲ್ಲಿ ಪಡೆಯಬೇಕಾಯಿತು. ಹಕ್ಕು ಕೈಗೆ ಬಂದರೂ ಹಲವು ವರ್ಷ ಕೊಳ್ಳುವವರು ದೊರೆಯಲಿಲ್ಲ. ಅಷ್ಟರಲ್ಲಿ ಅಮೆರಿಕದ ಸಿಲ್ವೆಸ್ಟರ್ ಮಾರ್ಷ್ ಇಂಥದೇ ರೈಲನ್ನು ಮೌಂಟ್ ವಾಷಿಂಗ್ಟನ್ ಶಿಖರಕ್ಕೆ ಒಯ್ದನು. ಅದು 1869ರಲ್ಲಿ ಪೂರ್ಣಗೊಂಡಿತು.

ರಿಗ್ಗೆನ್‌ಬಾಖ್ ಆಗ ಓಲಿವಿಯರ್ ಷೋಕ್ಕೆ ಮತ್ತು ಆಡಾಲ್ಫ್ ನೇಫ್ ಎಂಬ ಇಬ್ಬರು ಎಂಜಿನಿಯರುಗಳೊಡನೆ ಕೂಡಿ ರಿಗಿ ಬೆಟ್ಟದ ರೈಲಿಗೆ ಲುಸರ್ನ್ ಪ್ರಾಂತ್ಯದ ಪರವಾನಗಿ ಪಡೆದನು. 1871ರ ಮೇ 21ರಂದು ವಿಟ್ಸ್‌ನೌ–ರಿಗಿ ಮಾರ್ಗ ಆರಂಭವಾಯಿತು. ಕಾಗದದ ಮೇಲಿದ್ದ ಉಪಾಯಕ್ಕೆ ಈಗ ಕಣ್ಣಾರೆ ಕಾಣುವ ಸಾಕ್ಷಿ ದೊರೆಯಿತು. ‘ರಿಗಿ’ ಎಂಬ ಹೆಸರೇ ಅದರ ಪ್ರಚಾರವಾಯಿತು.

ನೀಲಗಿರಿಯಲ್ಲಿ ತೊಡಕು

ನೀಲಗಿರಿಗೆ ರೈಲು ಬೇಕೆಂಬ ಮಾತು 1854ರಷ್ಟು ಹಿಂದಿನದು. 1882ರಲ್ಲಿ ರಿಗ್ಗೆನ್‌ಬಾಖ್ ಸ್ವತಃ ಇಲ್ಲಿಗೆ ಬಂದು ಮಾರ್ಗವನ್ನು ಪರಿಶೀಲಿಸಿದನು. ಇಲ್ಲಿನ ಎಂಜಿನಿಯರ್ ಮೇಜರ್ ಮೊರಾಂಟ್ ಅವನ ಜೊತೆಗಾರನಾದನು. ಒಬ್ಬನ ಬಳಿ ಪೇಟೆಂಟ್ ಇತ್ತು, ಇನ್ನೊಬ್ಬನಿಗೆ ನೆಲದ ಪರಿಚಯವಿತ್ತು. ಇವರ ಯೋಜನೆಯನ್ನು ನಡೆಸಲು ನೀಲಗಿರಿ ರಿಗಿ ರೈಲ್ವೆ ಕಂಪನಿ ಹುಟ್ಟಿಕೊಂಡಿತು.

ಆದರೆ ಬಂಡವಾಳವನ್ನು ತರುವ ಮೂರನೆಯವನು ಬರಲಿಲ್ಲ. ಅದಕ್ಕೆ ಕಾರಣ ಅಂದಿನ ಹೂಡಿಕೆಯ ರೂಢಿ. ಭಾರತದ ಮೊದಲ ರೈಲ್ವೆ ಕಂಪನಿಗಳಿಗೆ ಸರ್ಕಾರ ಬಂಡವಾಳದ ಮೇಲೆ ಶೇಕಡ 5ರಷ್ಟು ಬಡ್ಡಿಯ ಖಾತರಿ ಕೊಟ್ಟಿತ್ತು. ಲಾಭ ಬಾರದಿದ್ದರೂ ಷೇರುದಾರನ ಬಡ್ಡಿ ತಪ್ಪುತ್ತಿರಲಿಲ್ಲ. ನೀಲಗಿರಿ ಕಂಪನಿಗೆ ಸರ್ಕಾರ ಭೂಮಿ ಕೊಡಲು ಒಪ್ಪಿತೇ ಹೊರತು ಬಡ್ಡಿಯ ಖಾತರಿ ಕೊಡಲು ಒಪ್ಪಲಿಲ್ಲ. ಹೊಸ ಯಂತ್ರ, ಕಡಿದಾದ ಬೆಟ್ಟ, ಖಾತರಿಯಿಲ್ಲದ ಬಡ್ಡಿ ಇವನ್ನೆಲ್ಲ ಒಟ್ಟಾಗಿ ಕಂಡ ಹಣವಂತರು ಹಿಂಜರಿದರು. ಯೋಜನೆ ಅಲ್ಲಿಗೇ ನಿಂತಿತು.

ಶಿಷ್ಯನ ಹಳಿ

ಈ ನಡುವೆ ಹಿಂದೆ ರಿಗ್ಗೆನ್‌ಬಾಖನ ಕೈಕೆಳಗೆ ದುಡಿದಿದ್ದ ರೋಮನ್ ಆಬ್ಟ್ 1882ರಲ್ಲಿ ಬೇರೊಂದು ಹಲ್ಲುಹಳಿಗೆ ಪೇಟೆಂಟ್ ಪಡೆದನು. ಗುರುವಿನ ಹಳಿ ಏಣಿಯಂತಿತ್ತು: ಎರಡು ಪಕ್ಕಪಟ್ಟಿಗಳ ನಡುವೆ ಅಡ್ಡಮೆಟ್ಟಿಲುಗಳು. ಅದು ಗಟ್ಟಿಯಾಗಿದ್ದರೂ ತಯಾರಿಸಲು ದುಬಾರಿ. ತಿರುವುಗಳಿಗೆ ಬಾಗಿಸುವುದೂ ಕಷ್ಟ. ಶಿಷ್ಯನು ಹಲ್ಲು ಕಡಿದ ಎರಡು ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ ಜೋಡಿಸಿದನು. ಹೀಗಾಗಿ ಒಂದು ಹಲ್ಲು ಬಿಡುವ ಮೊದಲೇ ಇನ್ನೊಂದು ಹಿಡಿದಿರುತ್ತಿತ್ತು. ಓಟ ಹೆಚ್ಚು ನಯವಾಯಿತು, ತಿರುವುಗಳೂ ಸುಲಭವಾದವು.

1891ರ ಆಗಸ್ಟ್‌ನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ನೀಲಗಿರಿ ಕಾಮಗಾರಿಗೆ ಚಾಲನೆ ನೀಡಿದನು. ಆ ಕಂಪನಿಯೂ 1894ರಲ್ಲಿ ದಿವಾಳಿಯಾಯಿತು. ಮತ್ತೊಂದು ಕಂಪನಿ ಕೆಲಸವನ್ನು ಕೊಂಡು ಮುಂದುವರಿಸಿತು. 1899ರ ಜೂನ್ 15ರಂದು ಕೂನೂರಿಗೆ ರೈಲು ಬಂದಾಗ ಹಳಿಗಳ ನಡುವೆ ಇದ್ದದ್ದು ಆಬ್ಟನ ಹಲ್ಲು. ಅದೇ ವರ್ಷದ ಜುಲೈ 25ರಂದು ಓಲ್ಟೆನ್‌ನಲ್ಲಿ ರಿಗ್ಗೆನ್‌ಬಾಖ್ ತೀರಿಕೊಂಡನು. 1903ರಲ್ಲಿ ಸರ್ಕಾರವೇ ಮಾರ್ಗವನ್ನು ಕೊಂಡಿತು. 1908ರಲ್ಲಿ ಅದು ಉದಕಮಂಡಲವನ್ನು ಮುಟ್ಟಿತು. 2005ರಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ರಿಗಿಯಲ್ಲಿ ಬಲ್ಲವರು ಕೂಡಿದ್ದರಿಂದ ಗೆದ್ದ ಆವಿಷ್ಕಾರ, ನೀಲಗಿರಿಯಲ್ಲಿ ನಷ್ಟದ ಹೊರೆಯನ್ನು ಹೊರುವವರು ಇಲ್ಲದೆ ಸೋತಿತು. ಸೋತರೂ ಅದು ವ್ಯರ್ಥವಾಗಲಿಲ್ಲ: ಬೆಟ್ಟಕ್ಕೆ ಹಲ್ಲುಹಳಿಯೇ ತಕ್ಕದ್ದೆಂಬ ನಂಬಿಕೆಯನ್ನು ಗುರು ನೆಟ್ಟುಹೋದನು, ಅದರ ಫಲ ಶಿಷ್ಯನಿಗೆ ದೊರೆಯಿತು. ಆವಿಷ್ಕಾರಗಳ ಚರಿತ್ರೆಯನ್ನು ಓದುವವರು ಹೆಸರು, ಇಸವಿಗಳ ಜೊತೆಗೆ ಹಣ ಹೂಡಿದವರು ಯಾರು, ನಷ್ಟ ಹೊತ್ತವರು ಯಾರು ಎಂಬುದನ್ನೂ ಕೇಳಿಕೊಂಡರೆ ಚಿತ್ರ ಪೂರ್ಣವಾಗುತ್ತದೆ.