ನಕಲಿ ಸೋಲಾರ್ ಪಂಪ್ ವೆಬ್‌ಸೈಟ್ ವಿದೇಶದಲ್ಲಿದ್ದರೂ ಮುಚ್ಚಿಸಬಹುದು



ಕಳೆದ ಬೇಸಿಗೆಯಲ್ಲಿ ನಮ್ಮ ಗಣೇಶಗುಡಿ ಹತ್ತಿರದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಸೋಲಾರ್ ಪಂಪ್‌ಸೆಟ್‌ಗೆ ಅರ್ಜಿ ಹಾಕಿ 5,600 ರೂಪಾಯಿ ಕಟ್ಟಿದೆ. ಈಗ ಆ ನಂಬರ್ ಹತ್ತುತ್ತಾನೇ ಇಲ್ಲ" ಅಂದ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಅದು. ತೆರೆದರೆ ಕುಸುಮ್ ಯೋಜನೆ ಹೆಸರು, ಸರ್ಕಾರದ ಲಾಂಛನ ಎಲ್ಲ ಇತ್ತು. ಹಣ ಕಟ್ಟಿ ಆಗಲೇ ನಾಲ್ಕು ದಿನ ಆಗಿತ್ತು.

ಇದು ಹೊಸ ಮೋಸ ಅಲ್ಲ. ಪಿಎಂ-ಕುಸುಮ್ ಶುರುವಾಗಿದ್ದು 2019ರಲ್ಲಿ. ನೋಂದಣಿ ಶುಲ್ಕ, ಪಂಪಿನ ಬೆಲೆ ಅಂತ ಹಣ ಕೇಳುವ ನಕಲಿ ತಾಣಗಳ ಬಗ್ಗೆ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಹಲವು ಸಲ ಎಚ್ಚರಿಸಿದೆ.

ಹಣದ ದೂರು ಮೊದಲು

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ. ಹಣ ಮೊದಲು ಸೇರುವುದು ಸಾಮಾನ್ಯವಾಗಿ ಇಲ್ಲಿನದೇ ಒಂದು ಬ್ಯಾಂಕ್ ಖಾತೆಗೆ. ಅಲ್ಲಿಂದ ಮುಂದೆ ದಾಟುವ ಮೊದಲು ದೂರು ಹೋದರೆ ತಡೆಹಿಡಿಯಬಹುದು. ನಮ್ಮ ಹುಡುಗ ನಾಲ್ಕು ದಿನ ಕಾದ. ಅವನ ಹಣ ವಾಪಸ್ ಬರಲಿಲ್ಲ.

ತಾಣ ಇರುವುದು ಎಲ್ಲಿ?

ವೆಬ್‌ಸೈಟ್ ಅಂದರೆ ಬಾಡಿಗೆ ಅಂಗಡಿ ಇದ್ದ ಹಾಗೆ. ಬೋರ್ಡಿನ ಹೆಸರು ಮಾರುವವರು ರಿಜಿಸ್ಟ್ರಾರ್ ಕಂಪನಿ, ಜಾಗ ಬಾಡಿಗೆಗೆ ಕೊಡುವವರು ಹೋಸ್ಟಿಂಗ್ ಕಂಪನಿ. ಹೆಸರು ಅಮೆರಿಕದಲ್ಲಿ, ಜಾಗ ಯುರೋಪಿನಲ್ಲಿ, ಕಳ್ಳ ಇನ್ನೆಲ್ಲೋ ಇರಬಹುದು.

ಕಳ್ಳನನ್ನು ಹಿಡಿಯಲು ವಿದೇಶದಿಂದ ಸಾಕ್ಷ್ಯ ತರಿಸಬೇಕು ಅಂದರೆ ನಮ್ಮ ಪೊಲೀಸರು ಗೃಹ ಸಚಿವಾಲಯದ ಮೂಲಕ ಆ ದೇಶಕ್ಕೆ ಬರೆಯಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ಆದರೆ ತಾಣ ಮುಚ್ಚಿಸಲು ಅಷ್ಟು ದೂರ ಹೋಗಬೇಕಿಲ್ಲ. ಪುರಾವೆ ಸರಿಯಾಗಿದ್ದರೆ ಕೋರ್ಟ್ ಆದೇಶ ಇಲ್ಲದೆಯೂ ರಿಜಿಸ್ಟ್ರಾರ್ ಆ ಹೆಸರನ್ನು ನಿಲ್ಲಿಸಬಹುದು. ಡಾಟ್ ಕಾಮ್‌ನಂಥ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಒಪ್ಪಂದದ ಪ್ರಕಾರ, 2024ರ ಏಪ್ರಿಲ್ 5ರಿಂದ ಇಂಥ ಪುರಾವೆ ಬಂದಾಗ ರಿಜಿಸ್ಟ್ರಾರ್‌ಗಳು ಕ್ರಮ ಕೈಗೊಳ್ಳಲೇಬೇಕು. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವುದು ನಮ್ಮ ದೇಶದ್ದೇ ಆದ ನಿಕ್ಸಿ.

ನಾವು ಮಾಡಿದ್ದು

1. ಮೆಸೇಜ್ ಅಳಿಸಲಿಲ್ಲ. ಪೂರ್ತಿ ಲಿಂಕ್, ಸ್ಕ್ರೀನ್‌ಶಾಟ್, ದಿನಾಂಕ, ಹಣ ಕಟ್ಟಿದ ರಸೀದಿ ಇಟ್ಟುಕೊಂಡೆವು.
2. ಐಕ್ಯಾನ್ ಲುಕಪ್ ಪುಟದಲ್ಲಿ ತಾಣದ ಹೆಸರು ಹಾಕಿದೆವು. ಕಳ್ಳನ ಹೆಸರು ಸಿಗಲಿಲ್ಲ. ಆದರೆ ರಿಜಿಸ್ಟ್ರಾರ್ ಹೆಸರು, ದೂರಿನ ಇಮೇಲ್ ಎರಡೂ ಸಿಕ್ಕವು.
3. ಆ ಇಮೇಲ್‌ಗೆ ಇಂಗ್ಲಿಷಿನಲ್ಲಿ ನಾಲ್ಕೇ ಸಾಲು ಬರೆದೆವು: ಇದು ಯಾವ ಸರ್ಕಾರಿ ಯೋಜನೆಯ ನಕಲು, ಅಸಲಿ ತಾಣ ಯಾವುದು, ಏನು ಕೇಳುತ್ತಿದೆ, ಪುರಾವೆ ಏನು.
4. ಅದನ್ನೇ ಕೇಂದ್ರದ ಸರ್ಟ್-ಇನ್‌ಗೆ, ಗೂಗಲ್ ಸೇಫ್ ಬ್ರೌಸಿಂಗ್‌ಗೆ ಕಳಿಸಿದೆವು. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ದಾಖಲಿಸಿದೆವು.

ಮೂರನೇ ದಿನ ಆ ಲಿಂಕ್ ಒತ್ತಿದರೆ ಕ್ರೋಮ್‌ನಲ್ಲಿ ಕೆಂಪು ಎಚ್ಚರಿಕೆ ಬಂತು. ಆರನೇ ದಿನ ತಾಣವೇ ಇರಲಿಲ್ಲ. ಎರಡು ವಾರ ಬಿಟ್ಟು ಅದೇ ಪುಟ ಬೇರೆ ಹೆಸರಲ್ಲಿ ಬಂತು, ಮತ್ತೆ ಬರೆದೆವು. ಕಳೆ ಕಿತ್ತ ಹಾಗೇ ಇದೂ, ಒಂದೇ ಸಲಕ್ಕೆ ಮುಗಿಯುವುದಿಲ್ಲ. ಆದರೂ ಮುಚ್ಚಿದ ಪ್ರತಿ ದಿನವೂ ಯಾರೋ ಒಬ್ಬ ರೈತನ ಹಣ ಉಳಿಯುತ್ತದೆ.

ಅರ್ಜಿ ಹಾಕುವ ಮೊದಲು

ವಿಳಾಸದ ಮೊದಲ ಓರೆಗೆರೆಗೆ ಮುಂಚೆ ಇರುವ ಕೊನೆಯ ಭಾಗ ನೋಡಿ. ಅಲ್ಲಿ ಜಿಒವಿ ಡಾಟ್ ಇನ್ ಇದ್ದರೆ ಸರ್ಕಾರದ್ದು. ಹೆಸರಿನ ನಡುವೆ ಎಲ್ಲೋ ಜಿಒವಿ ಇದ್ದರೆ ನಂಬಬೇಡಿ. ಅನುಮಾನ ಬಂದರೆ ಕುಸುಮ್ ಸಹಾಯವಾಣಿ 1800-180-3333ಕ್ಕೆ ಕೇಳಿ, ಇಲ್ಲವೇ ಹೆಸ್ಕಾಂ ಕಚೇರಿಗೆ ಹೋಗಿ ವಿಚಾರಿಸಿ. ಹಣ ಕಟ್ಟುವುದು ಆಮೇಲೆ.

ನಿಮ್ಮ ಊರಿನ ಗ್ರೂಪಿಗೆ ಇಂಥ ಲಿಂಕ್ ಬಂದರೆ ಡಿಲೀಟ್ ಮಾಡಿ ಸುಮ್ಮನಾಗಬೇಡಿ. ಮೊದಲು ದೂರು ಕಳಿಸಿ, ಆಮೇಲೆ ಗ್ರೂಪಿನಲ್ಲಿ ಎಲ್ಲರಿಗೂ ಹೇಳಿ.