ಊರೂರ ಊಟ: ಬೋರ್ಡು ಬೇಡ, ಒಲೆ ನೋಡಿ

ಬಹಳ ವರ್ಷಗಳಿಂದ ನನ್ನ ಬಳಿಗೆ ಬರುವ ದಂಪತಿ, ಇಬ್ಬರೂ ಶಾಲಾ ಶಿಕ್ಷಕರು, ಕಳೆದ ಬೇಸಗೆ ರಜೆಯಲ್ಲಿ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬೆಂಗಳೂರಿನಿಂದ ಕಾರು ಮಾಡಿಕೊಂಡು ಹೊರಟರು. ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಬಂದಾಗಲೇ ಹೇಳಿದ್ದರು: 'ದಾರಿಯಲ್ಲಿ ಹೋಟೆಲ್ ಮೆಟ್ಟಲು ಹತ್ತೋದೇ ಇಲ್ಲ ಡಾಕ್ಟ್ರೇ, ಎಲ್ಲ ಮನೆಯಿಂದಲೇ.' ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮಾಡಿದ ಬಿಸಿಬೇಳೆಬಾತು ದೊಡ್ಡ ಸ್ಟೀಲ್ ಡಬ್ಬಿ ಸೇರಿತು. ಡಬ್ಬಿಗೆ ಟವೆಲು ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟರು. ಅದನ್ನು ಬಿಚ್ಚಿ ಉಂಡದ್ದು ಬಾದಾಮಿ ತಲುಪಿದ ಮೇಲೆ, ಮಧ್ಯಾಹ್ನ ಎರಡೂವರೆಗೆ. ಸಂಜೆ ಆರಕ್ಕೆ ಇಬ್ಬರಿಗೂ ವಾಂತಿ ಶುರು. ರಾತ್ರಿ ಅವರನ್ನು ಆಸ್ಪತ್ರೆಗೆ ಕರೆದೊಯ್ದವನು ಕಾರಿನ ಚಾಲಕ. ಅವನಿಗೆ ಏನೂ ಆಗಿರಲಿಲ್ಲ. ಅವನು ರಸ್ತೆ ಬದಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಉಂಡಿದ್ದ.

ಊರಿಗೆ ಬಂದು ಅವರು ನನ್ನನ್ನು ಕೇಳಿದ ಪ್ರಶ್ನೆ ಸಹಜವಾದದ್ದೇ. ಇಷ್ಟು ಎಚ್ಚರ ವಹಿಸಿದ ನಮಗೇ ಹೀಗಾಯಿತಲ್ಲ, ಸಿಕ್ಕಲ್ಲಿ ತಿಂದವನು ಹೇಗೆ ಗಟ್ಟಿಯಾಗಿದ್ದ?

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಕುದಿದರೂ ಈ ಬೀಜಕಣಗಳು ಸಾಯುವುದಿಲ್ಲ. ಅನ್ನ ಆರುತ್ತ ಉಗುರು ಬೆಚ್ಚಗಾದಾಗ ಅವು ಮೊಳೆತು ಬೆಳೆಯುತ್ತವೆ, ಒಂದು ಬಗೆಯ ವಿಷವನ್ನೂ ಉತ್ಪತ್ತಿ ಮಾಡುತ್ತವೆ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಮಾಡಿಸುವ ಈ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಸುಮಾರು 5ರಿಂದ 60 ಡಿಗ್ರಿ ಸೆಲ್ಷಿಯಸ್ ನಡುವಿನ ಶಾಖ ರೋಗಾಣುಗಳ ಬೆಳವಣಿಗೆಗೆ ಅನುಕೂಲ. ಪರಿಸ್ಥಿತಿ ಚೆನ್ನಾಗಿ ಒದಗಿದರೆ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ, ಅಂದರೆ ಗಂಟೆಗೆ ಎಂಟು ಪಟ್ಟು. ಟವೆಲು ಸುತ್ತಿದ ಡಬ್ಬಿ, ಮೇ ತಿಂಗಳ ಡಿಕ್ಕಿ, ಒಂಬತ್ತು ಗಂಟೆ! ಮೇಷ್ಟ್ರು ಲೆಕ್ಕ ಹಾಕಿ ನೋಡಿ ಸುಮ್ಮನಾದರು.

ನಮ್ಮ ಹಿರಿಯರು ಯಾತ್ರೆಗೆ ಕಟ್ಟಿಕೊಳ್ಳುತ್ತಿದ್ದುದು ಬಿಸಿಬೇಳೆಬಾತಲ್ಲ. ಪುಳಿಯೋಗರೆ, ಅವಲಕ್ಕಿ, ಹುರಿಹಿಟ್ಟು, ಕಡಕ್ ರೊಟ್ಟಿ, ಚಟ್ನಿಪುಡಿ. ಇವುಗಳಲ್ಲಿ ಹುಳಿ ಇರುತ್ತದೆ, ಇಲ್ಲವೆ ನೀರಿನ ಅಂಶವೇ ಇರುವುದಿಲ್ಲ. ರೋಗಾಣುವಿಗೆ ಎರಡೂ ಒಗ್ಗವು. ಮನೆ ಅಡಿಗೆ ಎಂದ ಮಾತ್ರಕ್ಕೆ ಪ್ರಯಾಣಕ್ಕೆ ಒದಗುತ್ತದೆಂದು ಹೇಳಲಾಗದು.

<b>'ಪಲ್ಯ ಮುಗೀತ್ರಿ' ಎನ್ನುವ ಜಾಗ</b>

ಈಗ ಚಾಲಕನ ಊಟವನ್ನು ನೋಡೋಣ. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಜೋಳದ ರೊಟ್ಟಿ ಕಾದ ಹಂಚಿನ ಮೇಲೆ ಬೆಂದು, ಕೆಂಡದ ಇಲ್ಲವೆ ಗ್ಯಾಸಿನ ಉರಿಯಲ್ಲಿ ಉಬ್ಬಿ, ನೇರವಾಗಿ ತಟ್ಟೆಗೆ ಬರುತ್ತದೆ. ಬಡಿಯುವ ಹೆಣ್ಣುಮಗಳಿಗೂ ಉಣ್ಣುವ ನಿಮಗೂ ನಡುವೆ ಹತ್ತು ಮಾರು ದೂರ. ಜೊತೆಗೆ ಕುದಿಯುವ ಬೇಳೆ, ಎಣ್ಣೆಯಲ್ಲಿ ಬೆಂದ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಸುಟ್ಟದ್ದು, ಕುದಿದದ್ದು, ಒಣಗಿದ್ದು. ಸೋಂಕಿನ ದೃಷ್ಟಿಯಿಂದ ನೋಡಿದರೆ ಪ್ರಯಾಣಿಕನಿಗೆ ಇದಕ್ಕಿಂತ ಒಳ್ಳೆಯ ಊಟವನ್ನು ವೈದ್ಯನಾದ ನಾನೂ ಬರೆದುಕೊಡಲಾರೆ. ನಾರು, ಕಬ್ಬಿಣದ ಅಂಶ, ಕಾಳಿನ ಪ್ರೋಟೀನು ಇವೆಲ್ಲ ಮೇಲಿನ ಲಾಭ.

ಒಂದೇ ಬಗೆಯ ಊಟ ಮಾಡಿ ಬಡಿಸುವ ಚಿಕ್ಕ ಜಾಗದಲ್ಲಿ ಬೆಳಿಗ್ಗೆ ಮಾಡಿದ ಅಡಿಗೆ ಮಧ್ಯಾಹ್ನಕ್ಕೆ ತೀರಿಹೋಗುತ್ತದೆ. ಎರಡು ಗಂಟೆಗೆ ಹೋದರೆ 'ಪಲ್ಯ ಮುಗೀತ್ರಿ, ಝುಣಕ ಐತಿ ನೋಡ್ರಿ' ಎನ್ನುತ್ತಾರೆ. ಹಾಗೆ ಹೇಳುವ ಖಾನಾವಳಿಯ ಮೇಲೆ ನನಗೆ ನಂಬಿಕೆ ಹೆಚ್ಚು. ನೂರು ತಿಂಡಿಗಳ ಪಟ್ಟಿ ಇರುವ ದೊಡ್ಡ ಹೋಟೆಲಿನಲ್ಲಿ ಯಾವುದೂ ಮುಗಿಯುವುದೇ ಇಲ್ಲ. ಎಲ್ಲವೂ ಯಾವಾಗಲೂ ಇರಬೇಕಾದರೆ ಅರೆಬೆಂದ ಪದಾರ್ಥಗಳು, ಮಾಡಿಟ್ಟ ಗ್ರೇವಿಗಳು ಫ್ರಿಜ್‌ನಲ್ಲಿ ಕಾದಿರಲೇಬೇಕಲ್ಲ. ಆ ಫ್ರಿಜ್ ಸರಿಯಾಗಿ ನಡೆದರೆ ತೊಂದರೆಯಿಲ್ಲ. ಕರೆಂಟು ಹೋದಾಗಿನ ಕಥೆ ಮೇಜಿನ ಮುಂದೆ ಕುಳಿತವರಿಗೆ ಕಾಣುವುದಿಲ್ಲ.

ಹಳೆ ಮೈಸೂರಿನ ಕಡೆಯ ಇಡ್ಲಿ ಹೋಟೆಲಿಗೂ ಇದೇ ಲೆಕ್ಕ. ಬೆಳಿಗ್ಗೆ ಎಂಟಕ್ಕೆ, ಹಬೆಯಾಡುವ ಪಾತ್ರೆಯ ಮುಚ್ಚಳ ತೆಗೆದು ನಿಮ್ಮೆದುರೇ ಬಡಿಸಿದ ತಟ್ಟೆ ಇಡ್ಲಿ ನಿರಪಾಯಕಾರಿ. ಅದೇ ಹೋಟೆಲಿನಲ್ಲಿ ಸಂಜೆ ನಾಲ್ಕಕ್ಕೆ ಉಳಿದಿರುವ ವಡೆ ಬೇರೆಯ ಮಾತು. ಜಾಗಕ್ಕಿಂತ ಹೊತ್ತು ಮುಖ್ಯ. ಊರಿನವರು ತಿನ್ನುವ ಹೊತ್ತಿಗೆ, ಊರಿನವರು ತಿನ್ನುವ ಕಡೆ, ಊರಿನವರು ತಿನ್ನುವುದನ್ನೇ ತಿನ್ನಿ. ಬೆಣ್ಣೆದೋಸೆಯ ದಾವಣಗೆರೆಯಲ್ಲಿ ನೂಡಲ್ಸ್ ಕೇಳುವವರಿಗೆ ನಾನೇನೂ ಹೇಳಲಾರೆ.

<b>ಕೆಡಿಸುವುದು ಪಕ್ಕದ ಬಟ್ಟಲು</b>

ಹಾಗಾದರೆ ಚಿಕ್ಕ ಹೋಟೆಲುಗಳಲ್ಲಿ ಅಪಾಯವೇ ಇಲ್ಲವೆ? ಇದೆ. ಆದರೆ ನೀವು ಹೆದರುವ ಕಡೆ ಅಲ್ಲ. ಇಡ್ಲಿಗಿಂತ ಚಟ್ನಿ, ಊಟಕ್ಕಿಂತ ಮಜ್ಜಿಗೆ, ರೊಟ್ಟಿಗಿಂತ ಅದರ ಪಕ್ಕ ಇಟ್ಟ ಹಸಿ ಈರುಳ್ಳಿ ಅಪಾಯಕಾರಿ. ತೆಂಗಿನಕಾಯಿ ಚಟ್ನಿಗೆ ಹಸಿ ನೀರು ಬೀಳುತ್ತದೆ, ಅದು ಮತ್ತೆ ಒಲೆ ಕಾಣುವುದಿಲ್ಲ, ಬೇಸಗೆಯಲ್ಲಿ ಬಹುಬೇಗ ಹಳಸುತ್ತದೆ. ಮಜ್ಜಿಗೆ, ಕೋಸಂಬರಿ, ಕತ್ತರಿಸಿಟ್ಟ ಹಣ್ಣು, ಐಸು ಹಾಕಿದ ಕಬ್ಬಿನ ಹಾಲು ಎಲ್ಲವೂ ಆ ಹೋಟೆಲಿನ ನೀರಿನಷ್ಟೇ ಶುದ್ಧ. ರೊಟ್ಟಿಯ ಜೊತೆ ಕೊಡುವ ಹಸಿ ಮೆಂತ್ಯದ ಸೊಪ್ಪು, ಮೂಲಂಗಿ ನನಗೆ ಬಹಳ ಇಷ್ಟ. ಆದರೂ ಪ್ರಯಾಣದಲ್ಲಿ ಅವನ್ನು ಬದಿಗಿಡುತ್ತೇನೆ, ಪ್ರತಿ ಸಲವೂ ಬೇಸರದಿಂದಲೇ.

ಈ ಪಾಠ ನಾನು ಪುಸ್ತಕದಿಂದ ಕಲಿತದ್ದಲ್ಲ. ವೈದ್ಯನಾಗಿ ಹತ್ತು ವರ್ಷ ಕಳೆದ ಮೇಲೆ ಹೆದ್ದಾರಿಯ ಗಾಜಿನ ಬಾಗಿಲಿನ ಹೋಟೆಲೊಂದರಲ್ಲಿ, ದೊಡ್ಡ ಹೋಟೆಲು ತಾನೆ ಎಂಬ ಧೈರ್ಯದಿಂದ, ಮಧ್ಯಾಹ್ನ ನಾಲ್ಕರ ಬಿಸಿಲಿನಲ್ಲಿ ಮೂರು ಸಲ ಚಟ್ನಿ ಹಾಕಿಸಿಕೊಂಡೆ. ಮೂರು ದಿನ ಮಲಗಿದೆ. ಹೋಟೆಲಿನ ಹೆಸರು ಬೇಡ. ತಪ್ಪು ಅರ್ಧ ನನ್ನದೇ.

ಕೈಗಳನ್ನೂ ಗಮನಿಸಿ. ಮೇಜು ಒರೆಸಿದ ಕೈಯಲ್ಲೇ ಮಾಣಿ ಬೋಂಡ ಎತ್ತಿಕೊಟ್ಟರೆ, ಗಲ್ಲಾದಲ್ಲಿ ದುಡ್ಡು ಎಣಿಸಿದವರೇ ಸಿಹಿತಿಂಡಿ ಕಟ್ಟಿಕೊಟ್ಟರೆ ಬಿಸಿ ಇದ್ದದ್ದೂ ವ್ಯರ್ಥ. ನಿಮ್ಮ ಕೈಯನ್ನೂ ಸೋಪು ಹಚ್ಚಿಯೇ ತೊಳೆಯಿರಿ. ಸಣ್ಣ ಸೋಪಿನ ತುಂಡೊಂದು ಚೀಲದಲ್ಲಿರಲಿ. ತಟ್ಟೆ ಲೋಟಗಳಲ್ಲಿ ನೀರು ಉಳಿದಿದ್ದರೆ ಒರೆಸಿಕೊಳ್ಳಿ. ಎಣ್ಣೆ ಸೋರುವ ಬಜ್ಜಿಯನ್ನು ಪತ್ರಿಕೆಯ ಹಾಳೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಶಾಯಿ ತಿಂಡಿಗೆ ಇಳಿಯುತ್ತದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೂ 2023ರಲ್ಲೂ ಎಚ್ಚರಿಸಿದೆ. ಈ ಅಂಕಣ ಅಚ್ಚಾದ ಹಾಳೆಗೂ ಅದು ಅನ್ವಯಿಸುತ್ತದೆ!

ನೀರಿನ ವಿಷಯಕ್ಕೆ ಬಂದರೆ, ಕುದಿಸಿ ಆರಿಸಿದ್ದು ಅಥವಾ ಸೀಲು ಒಡೆಯದ ಬಾಟಲಿ, ಎರಡೇ. ಕರಾವಳಿಯಲ್ಲೂ ಕೇರಳದಲ್ಲೂ ಹೋಟೆಲುಗಳು ಜೀರಿಗೆ ಹಾಕಿದ ಬಿಸಿನೀರು ಕೊಡುವುದುಂಟು, ಒಳ್ಳೆಯ ಪದ್ಧತಿ. ಆದರೆ ಉಗುರು ಬೆಚ್ಚಗಿನ ನೀರು ಬಂದರೆ ಅದಕ್ಕೆ ತಣ್ಣೀರು ಬೆರೆಸಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ನೀರಿನಿಂದ ಬರುವ ಕಾಯಿಲೆಗಳೆಲ್ಲ ಮಾರನೆಯ ದಿನವೇ ಕಾಣಿಸಿಕೊಳ್ಳುವುದಿಲ್ಲ. ಹೆಪಟೈಟಿಸ್ 'ಎ' ಕಾಮಾಲೆ ತಲೆದೋರಲು 15ರಿಂದ 50 ದಿನ ಹಿಡಿಯಬಹುದು. ಟೈಫಾಯ್ಡ್‌ಗೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಪ್ರವಾಸದಿಂದ ಬಂದು ತಿಂಗಳ ಮೇಲೆ ಜ್ವರ ಬಂದರೂ ವೈದ್ಯರಿಗೆ ಪ್ರವಾಸದ ಸುದ್ದಿ ತಿಳಿಸಿ. ಗರ್ಭಿಣಿಯರು ನೀರಿನ ಬಗ್ಗೆ ಇಮ್ಮಡಿ ಎಚ್ಚರದಿಂದಿರಬೇಕು. ಹೆಪಟೈಟಿಸ್ 'ಇ' ಅವರಿಗೆ ಪ್ರಾಣಕ್ಕೇ ಎರವಾಗಬಹುದು.

<b>ಉಪವಾಸದ ಅಪಾಯ</b>

ಹೋಟೆಲಿಗೆ ಹೆದರಿ ಏನೂ ತಿನ್ನದೆ ಕೂರುವವರ ಬಗ್ಗೆ ನನಗೆ ಹೆಚ್ಚು ಆತಂಕ. ನಮ್ಮ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ. ಒಮ್ಮೆ ಮೈಸೂರಿನಿಂದ ಶಿರಸಿಗೆ ಬಸ್ಸಿನಲ್ಲಿ ನನ್ನ ಜೊತೆ ಹೊರಟವರು ಬೆಳಿಗ್ಗೆ ಆರಕ್ಕೆ ಎಂದಿನಂತೆ ಮಾತ್ರೆ ನುಂಗಿದ್ದರು. ಒಂಬತ್ತಕ್ಕೆ ಬಸ್ಸು ಒಂದು ಹಂಚಿನ ಮನೆಯ ಹೋಟೆಲಿನ ಮುಂದೆ ನಿಂತಿತು. ಒಳಗೆ ಇಡ್ಲಿಯ ಹಬೆ ಕಾಣುತ್ತಿತ್ತು. ಮಸಿ ಹಿಡಿದ ಗೋಡೆ ನೋಡಿ ಅವರು, 'ಬೇಡಪ್ಪ, ಶಿವಮೊಗ್ಗದಲ್ಲಿ ನೋಡೋಣ' ಎಂದರು. ಬಲವಂತ ಮಾಡಬೇಕಿತ್ತು, ಮಾಡಲಿಲ್ಲ. ತರೀಕೆರೆ ದಾಟುವಷ್ಟರಲ್ಲಿ ಅವರ ಹಣೆ ಬೆವೆತು ಕೈ ನಡುಗತೊಡಗಿತು, ಮಾತು ತೊದಲಿತು. ರಕ್ತದ ಸಕ್ಕರೆ ಇಳಿದಿತ್ತು. ಕಂಡಕ್ಟರು ಬಸ್ಸು ನಿಲ್ಲಿಸಿದ ಪುಣ್ಯಕ್ಕೆ ರಸ್ತೆ ಬದಿಯ ಚಹಾ ಅಂಗಡಿಯಲ್ಲಿ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿದೆ. ಹದಿನೈದು ನಿಮಿಷಕ್ಕೆ ಚೇತರಿಸಿಕೊಂಡರು. ಆ ಅಂಗಡಿ ಅವರು ಬೇಡವೆಂದ ಹೋಟೆಲಿಗಿಂತ ಏನೂ ಚೊಕ್ಕಟವಾಗಿರಲಿಲ್ಲ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟದ ಹೊತ್ತು ಮೀರಿಸುವಂತಿಲ್ಲ. ಊಟ ಖಚಿತವಾದ ಮೇಲೆ ಔಷಧಿ ತೆಗೆದುಕೊಳ್ಳುವುದು ಹೇಗೆಂದು ಹೊರಡುವ ಮುಂಚೆ ವೈದ್ಯರನ್ನು ಕೇಳಿಕೊಳ್ಳಿ. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.

ಇಷ್ಟಾದರೂ ಹೊಟ್ಟೆ ಕೆಟ್ಟರೆ? ಬಹುಪಾಲು ಭೇದಿ ತಾನಾಗಿ ನಿಲ್ಲುತ್ತದೆ. ಕೊಲ್ಲುವುದು ದೇಹದ ನೀರು ಬತ್ತುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಗ್ಲುಕೋಸ್ ಬೆರೆಸಿದ ನೀರು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಓಆರ್‌ಎಸ್ ಎಂಬ ಆ ಜೀವಜಲದ ನಾಲ್ಕು ಪೊಟ್ಟಣ ಚೀಲದಲ್ಲಿರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಕುಡಿದದ್ದು ನಿಲ್ಲದೆ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಆರೇಳು ಗಂಟೆ ಮೂತ್ರವಾಗದಿದ್ದರೆ, ಮಕ್ಕಳು ಮಂಕಾದರೆ ಪ್ರಯಾಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಭೇದಿ ಕಟ್ಟುವ ಮಾತ್ರೆಯನ್ನಾಗಲಿ, ಆ್ಯಂಟಿಬಯಾಟಿಕ್ಕನ್ನಾಗಲಿ ಅಂಗಡಿಯವರ ಮಾತು ಕೇಳಿ ನುಂಗಬೇಡಿ.

ಮೇಷ್ಟ್ರ ಕುಟುಂಬ ಈ ಸಲ ಬೀದರಿಗೆ ಹೊರಟಿದೆ. ಮೊನ್ನೆ ಮಾತ್ರೆ ಬರೆಸಿಕೊಳ್ಳಲು ಬಂದಾಗ ಮೇಡಂ ಹೇಳಿದರು: ಡಬ್ಬಿಯಲ್ಲಿ ಅವಲಕ್ಕಿ, ಚಟ್ನಿಪುಡಿ ಮಾತ್ರವಂತೆ. ಮಧ್ಯಾಹ್ನದ ಊಟ ಎಲ್ಲಿ ಎಂಬುದನ್ನು ತೀರ್ಮಾನಿಸುವ ಅಧಿಕಾರ ಚಾಲಕನಿಗೆ.